ಬಾಗಿಲಲ್ಲಿ ನಿಂತು ಕೇಳುವವರು

ಬ್ರೌಸರಿನ ಮರುಮರು ಪ್ರಶ್ನೆಗಳಿಗೆ ಗೃಹಸ್ಥರ ಉತ್ತರವೇನಿರಬೇಕು?

ಮನೆಯ ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಿ ಹಾಗೆಯೇ ಕಳುಹಿಸುವುದು ನಮ್ಮ ಸಮಾಜದ ಸಂಸ್ಕಾರವಲ್ಲ. ದಾಸೋಹವನ್ನು ಬದುಕಿನ ಉಸಿರೆಂದು ಬಗೆದ ಶರಣ ಪರಂಪರೆಯಲ್ಲಿ ಬೆಳೆದ ಗೃಹಸ್ಥನು 'ಇಲ್ಲ' ಎಂಬ ಎರಡಕ್ಷರವನ್ನು ನುಡಿಯಲು ಸಹಜವಾಗಿಯೇ ಹಿಂಜರಿಯುತ್ತಾನೆ. ಈ ಹಿಂಜರಿಕೆ ಸದ್ಗುಣವೇ ಹೌದು. ಆದರೆ ಅದೇ ಸದ್ಗುಣವು ಮೊಬೈಲ್ ಮತ್ತು ಕಂಪ್ಯೂಟರಿನ ತೆರೆಯ ಮೇಲೆ ಪ್ರಕಟವಾದಾಗ ಮನೆಯ ಗಂಟನ್ನೇ ಕಳೆಯುವ ದೌರ್ಬಲ್ಯವಾಗಿ ಪರಿಣಮಿಸುವುದುಂಟು. ಪಂಚಾಂಗ ನೋಡಲೆಂದೋ, ಮೊಮ್ಮಗಳ ಎಸ್.ಎಸ್.ಎಲ್.ಸಿ. ಫಲಿತಾಂಶ ತಿಳಿಯಲೆಂದೋ, ವಚನಗಳ ಪಾಠವನ್ನು ಓದಲೆಂದೋ ಒಂದು ಜಾಲತಾಣವನ್ನು ತೆರೆದೊಡನೆಯೇ ತೆರೆಯ ಮೇಲೊಂದು ಪೆಟ್ಟಿಗೆ ಮೂಡುತ್ತದೆ. 'ಸೂಚನೆಗಳನ್ನು ಕಳುಹಿಸಲು ಅನುಮತಿಸುವಿರಾ?', 'ನೀವಿರುವ ಸ್ಥಳವನ್ನು ತಿಳಿಯಲು ಒಪ್ಪುವಿರಾ?', 'ಈ ತಾಣ ಸುರಕ್ಷಿತವಲ್ಲ, ಮುಂದುವರಿಯುವಿರಾ?' ಎಂದು ಮುಂತಾಗಿ ಅದು ಕೇಳುತ್ತದೆ. ಒಮ್ಮೆ ಮುಚ್ಚಿದರೆ ಮರುದಿನ ಮತ್ತೆ ಹಾಜರು. ಬೇಸತ್ತ ಮನಸ್ಸು ಕೊನೆಗೆ ಓದದೆಯೇ 'ಆಗಲಿ' ಎಂದು ಒತ್ತಿಬಿಡುತ್ತದೆ.

ಈ ಬೇಸರವೇ ಅಪಾಯದ ಮೊದಲ ಮೆಟ್ಟಿಲು. ಪದೇ ಪದೇ ಬರುವ ಪ್ರಶ್ನೆಗಳನ್ನು ನಿಲ್ಲಿಸುವುದು ಸಾಧ್ಯ, ನಿಲ್ಲಿಸುವುದು ಅವಶ್ಯವೂ ಹೌದು. ಆದರೆ ಎಲ್ಲವನ್ನೂ ಒಂದೇ ರೀತಿಯಲ್ಲಿ ನಿಲ್ಲಿಸತಕ್ಕದ್ದಲ್ಲ. ಕೇಳುವವರಲ್ಲಿ ಮೂರು ಬಗೆಯವರಿದ್ದಾರೆ. ಮೊದಲನೆಯದು ಕೋರಿಕೆ, ಎರಡನೆಯದು ಎಚ್ಚರಿಕೆ, ಮೂರನೆಯದು ಸೋಗು. ಕೋರಿಕೆಗೆ ಒಮ್ಮೆ ವಿಚಾರಿಸಿ ಶಾಶ್ವತವಾದ ಉತ್ತರ ಕೊಡಬೇಕು. ಎಚ್ಚರಿಕೆಯ ಕಾರಣವನ್ನು ಹುಡುಕಬೇಕು. ಸೋಗಿಗೆ ಉತ್ತರವನ್ನೇ ಕೊಡಬಾರದು. ಈ ವಿವೇಕವೊಂದು ಮೂಡಿದರೆ ಉಳಿದ ತಾಂತ್ರಿಕ ವಿವರಗಳೆಲ್ಲವೂ ಸುಲಭವಾಗುತ್ತವೆ.

ಹಿಂದಿನ ಅನುಭವ ಕಲಿಸಿದ ಪಾಠ

ಈ ಸಮಸ್ಯೆ ಇಂದು ನಿನ್ನೆಯದಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 1997ರಲ್ಲಿ ಹೊರತಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ 4ನೆಯ ಆವೃತ್ತಿಯಲ್ಲಿ ಜಾಲತಾಣಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಲಾಗಿತ್ತು: ಸಾರ್ವಜನಿಕ ಅಂತರಜಾಲ, ಕಚೇರಿಯ ಒಳಜಾಲ, ವಿಶ್ವಾಸಾರ್ಹ ತಾಣಗಳು, ನಿರ್ಬಂಧಿತ ತಾಣಗಳು. ಪ್ರತಿಯೊಂದು ವಲಯಕ್ಕೂ ಸುರಕ್ಷೆಯ ಮಟ್ಟವನ್ನು ಬೇರೆ ಬೇರೆಯಾಗಿ ನಿಗದಿಪಡಿಸಬಹುದಾಗಿತ್ತು. ಅಂದಿನ ತಾಣಗಳು 'ಆಕ್ಟಿವ್ ಎಕ್ಸ್' ಎಂಬ ಕಿರುತಂತ್ರಾಂಶಗಳನ್ನು ಬಳಸುತ್ತಿದ್ದುದರಿಂದ ಹೆಜ್ಜೆ ಹೆಜ್ಜೆಗೂ ಪ್ರಶ್ನೆಗಳು ಏಳುತ್ತಿದ್ದವು. ಅವುಗಳ ಕಾಟ ತಾಳಲಾರದೆ ಇಡೀ ಸಾರ್ವಜನಿಕ ವಲಯದ ಸುರಕ್ಷೆಯನ್ನೇ ಕೆಳಮಟ್ಟಕ್ಕೆ ಇಳಿಸಿದವರಿಗೆ ಪ್ರಶ್ನೆಗಳು ನಿಂತವು. ಅವುಗಳೊಡನೆ ಕಾವಲೂ ನಿಂತುಹೋಯಿತು. ಕೇಳದೆಯೇ ಒಳನುಗ್ಗುವ ದುಷ್ಟ ತಂತ್ರಾಂಶಗಳಿಗೆ ದಾರಿ ಸುಗಮವಾಯಿತು. ವಿವೇಕಿಗಳಾದವರು ಮಾತ್ರ ತಮಗೆ ನಿತ್ಯವೂ ಬೇಕಾದ ಒಂದೆರಡು ತಾಣಗಳನ್ನಷ್ಟೇ ವಿಶ್ವಾಸಾರ್ಹ ವಲಯಕ್ಕೆ ಸೇರಿಸಿ ಉಳಿದ ಬೇಲಿಯನ್ನು ಹಾಗೆಯೇ ಉಳಿಸಿಕೊಂಡರು. ಪರಿಚಿತನಾದ ಒಬ್ಬ ಅತಿಥಿಗಾಗಿ ಊರಿನ ಅಗಸೆ ಬಾಗಿಲನ್ನು ಇರುಳೆಲ್ಲ ತೆರೆದಿಡಬೇಕಾಗಿಲ್ಲವಷ್ಟೆ?

2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕ್ ಬಂದಾಗ ಈ ಪ್ರಶ್ನೆಗಳಲ್ಲಿ ಅನೇಕವು ತೆರೆಯ ನಡುವಿನಿಂದ ಮೇಲಂಚಿನ ಒಂದು ಪಟ್ಟಿಗೆ ಸರಿದವು. ತಾವಾಗಿಯೇ ತೆರೆದುಕೊಳ್ಳುವ ಕಿಟಕಿಗಳಿಗೂ ತಡೆ ಬಿದ್ದಿತು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಕೆಯಿಂದ ನಿವೃತ್ತವಾಯಿತು. ಬ್ರೌಸರು ಹೋಯಿತಾದರೂ ಅದು ಕಲಿಸಿದ ಪಾಠ ಉಳಿದಿದೆ. ಪ್ರಶ್ನೆಯ ಕಾಟ ತಪ್ಪಿಸಿಕೊಳ್ಳಲು ಸುರಕ್ಷೆಯನ್ನೇ ತೆಗೆದುಹಾಕುವುದು ನಾಯಿ ಬೊಗಳುತ್ತದೆಂದು ಅದನ್ನು ಅಟ್ಟಿ ಬಾಗಿಲು ತೆರೆದು ಮಲಗಿದಂತೆ.

ಕೋರಿಕೆಗೆ ಒಂದೇ ಉತ್ತರ

ಈಗ ಮೊದಲನೆಯ ಬಗೆಯನ್ನು ವಿಚಾರಿಸೋಣ. ಸೂಚನೆ ಕಳುಹಿಸಲು, ಸ್ಥಳ ತಿಳಿಯಲು, ಕ್ಯಾಮೆರಾ ಹಾಗೂ ಮೈಕ್ ಬಳಸಲು ಜಾಲತಾಣವು ಬ್ರೌಸರಿನ ಮೂಲಕ ಮನೆಯವರನ್ನು ಬೇಡಿಕೊಳ್ಳುತ್ತದೆ. ಇವು ಕೋರಿಕೆಗಳು. ಇವುಗಳಲ್ಲಿ ಅತಿ ಹೆಚ್ಚು ಕಾಡುವುದು ಸೂಚನೆಗಳ, ಅಂದರೆ ನೋಟಿಫಿಕೇಶನ್‌ಗಳ ಕೋರಿಕೆ. ಫೈರ್‌ಫಾಕ್ಸ್ ಬ್ರೌಸರನ್ನು ರೂಪಿಸುವ ಮೊಜಿಲ್ಲಾ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಂಥ ಕೋರಿಕೆಗಳಲ್ಲಿ 100ಕ್ಕೆ ಸುಮಾರು 99ನ್ನು ಬಳಕೆದಾರರು ಒಪ್ಪಿಕೊಂಡೇ ಇರಲಿಲ್ಲ. ಯಾರಿಗೂ ಬೇಡವಾದ ಈ ಪ್ರಶ್ನೆಯನ್ನು ತಗ್ಗಿಸಲು 2020ರ ಆರಂಭದಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಕ್ರಮ ಕೈಗೊಂಡವು. ಆದರೂ ಪೂರ್ಣ ವಿರಾಮ ಹಾಕುವ ಅಧಿಕಾರ ಬಳಕೆದಾರರ ಕೈಯಲ್ಲಿಯೇ ಇದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪೆಟ್ಟಿಗೆಯ ಮೂಲೆಯಲ್ಲಿರುವ ಗುಣಾಕಾರ ಚಿಹ್ನೆಯನ್ನು ಒತ್ತಿ ಮುಚ್ಚುವುದು ಬೇರೆ, 'ನಿರ್ಬಂಧಿಸಿ' ಎಂದು ಒತ್ತುವುದು ಬೇರೆ. ಮುಚ್ಚಿದಾಗ ನಾವು ಉತ್ತರವನ್ನೇ ಕೊಟ್ಟಿಲ್ಲವೆಂದು ಬ್ರೌಸರು ತಿಳಿಯುತ್ತದೆ. ಆದ್ದರಿಂದಲೇ ಮುಂದಿನ ಸಲ ಮತ್ತೆ ಕೇಳುತ್ತದೆ. ನಿರ್ಬಂಧಿಸಿದಾಗ ಆ ತಾಣದ ಹೆಸರಿನೆದುರು ನಮ್ಮ ನಿರಾಕರಣೆಯನ್ನು ಬರೆದಿಟ್ಟುಕೊಳ್ಳುತ್ತದೆ. ಹಾಗೆಯೇ 'ಈ ಬಾರಿ ಮಾತ್ರ ಅನುಮತಿಸಿ' ಎಂದು ಒತ್ತಿದರೆ ಅನುಮತಿ ಆ ಹೊತ್ತಿಗೆ ಮುಗಿಯುತ್ತದೆ. ಮತ್ತೊಮ್ಮೆ ಹೋದಾಗ ಮತ್ತೆ ಪ್ರಶ್ನೆ ಬರುವುದು ಸಹಜ. ಅದು ದೋಷವಲ್ಲ, ರಕ್ಷಣೆ.

ಎಲ್ಲ ತಾಣಗಳಿಗೂ ಒಮ್ಮೆಗೇ ಉತ್ತರ ಹೇಳುವ ದಾರಿ ಹೀಗಿದೆ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್ ಬ್ರೌಸರಿನಲ್ಲಿ ಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ 'ಸೆಟ್ಟಿಂಗ್ಸ್' ತೆರೆಯಬೇಕು. ಅದರಲ್ಲಿ 'ಸೈಟ್ ಸೆಟ್ಟಿಂಗ್ಸ್', ಅದರೊಳಗೆ 'ನೋಟಿಫಿಕೇಶನ್ಸ್'. ಅಲ್ಲಿರುವ ಗುಂಡಿಯನ್ನು ಆರಿಸಿದರೆ ಹೊಸ ತಾಣಗಳು ಕೇಳುವುದನ್ನೇ ನಿಲ್ಲಿಸುತ್ತವೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ 'ಸೆಟ್ಟಿಂಗ್ಸ್', 'ಪ್ರೈವಸಿ ಅಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್' ಎಂಬ ಕ್ರಮದಲ್ಲಿ ಸಾಗಬೇಕು. ಫೈರ್‌ಫಾಕ್ಸಿನಲ್ಲಿ ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ' ವಿಭಾಗದೊಳಗಿನ 'ಪರ್ಮಿಶನ್ಸ್' ಎಂಬಲ್ಲಿ ಸೂಚನೆಗಳ ಹೊಸ ಕೋರಿಕೆಗಳನ್ನು ತಡೆಯುವ ಒಂದು ಚೌಕವಿದೆ. ಅದಕ್ಕೆ ಗುರುತು ಹಾಕಬೇಕು. ಆಪಲ್ ಕಂಪ್ಯೂಟರಿನ ಸಫಾರಿಯಲ್ಲಿ ಸೆಟ್ಟಿಂಗ್ಸ್‌ನ 'ವೆಬ್‌ಸೈಟ್ಸ್' ವಿಭಾಗದಲ್ಲಿ 'ನೋಟಿಫಿಕೇಶನ್ಸ್' ಆರಿಸಿ, ತಾಣಗಳು ಅನುಮತಿ ಕೇಳಲು ಅವಕಾಶವೀಯುವ ಗುರುತನ್ನು ತೆಗೆಯಬೇಕು. ಆವೃತ್ತಿಯಿಂದ ಆವೃತ್ತಿಗೆ ಈ ಹೆಸರುಗಳ ಸ್ಥಾನ ತುಸು ಬದಲಾಗಬಹುದು. ಸೆಟ್ಟಿಂಗ್ಸ್‌ನಲ್ಲಿರುವ ಹುಡುಕುವ ಜಾಗದಲ್ಲಿ ಹೆಸರನ್ನು ಬರೆದರೆ ದಾರಿ ಸಿಗುತ್ತದೆ.

ಇದೇ ಪುಟದಲ್ಲಿ ಈಗಾಗಲೇ ಅನುಮತಿ ಪಡೆದ ತಾಣಗಳ ಪಟ್ಟಿಯೂ ಇರುತ್ತದೆ. ಅದನ್ನು ತಪ್ಪದೆ ನೋಡಬೇಕು. ಎಂದೋ ಒತ್ತಿದ ಒಪ್ಪಿಗೆಯ ಫಲವಾಗಿ ಅಪರಿಚಿತ ಹೆಸರುಗಳು ಅಲ್ಲಿ ಸೇರಿಕೊಂಡಿರುವ ಸಂಭವವಿದೆ. ಬೇಡವಾದುದನ್ನು ತೆಗೆಯಬೇಕು. ಸ್ಥಳ, ಕ್ಯಾಮೆರಾ, ಮೈಕ್‌ಗಳ ಪಟ್ಟಿಯನ್ನೂ ಹೀಗೆಯೇ ಪರಿಶೀಲಿಸಬೇಕು. ದೂರದೇಶದಲ್ಲಿರುವ ಮಕ್ಕಳೊಡನೆ ಮಾತನಾಡಲು, ಅಂತರಜಾಲದ ಮೂಲಕ ನಡೆಯುವ ಪ್ರವಚನದಲ್ಲಿ ಭಾಗವಹಿಸಲು ಕ್ಯಾಮೆರಾ ಬೇಕಾದೀತು. ಆ ಒಂದು ತಾಣಕ್ಕೆ ಮಾತ್ರ ಅನುಮತಿ ಇರಲಿ.

ಕುಕಿಗಳ ಕುರಿತ ಪಟ್ಟಿಯದು ಪ್ರತ್ಯೇಕ ವಿಷಯ. ಕುಕಿ ಎಂದರೆ ತಾಣವು ನಮ್ಮ ಬ್ರೌಸರಿನಲ್ಲಿ ಇರಿಸುವ ಸಣ್ಣ ನೆನಪಿನ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲ್ಲಿ ಎಂಬ ತಂತ್ರಜ್ಞರು ಇದನ್ನು ರೂಪಿಸಿದರು. ಐರೋಪ್ಯ ಒಕ್ಕೂಟದ ಕಾನೂನುಗಳ ಪರಿಣಾಮವಾಗಿ ತಾಣಗಳು ಇದಕ್ಕೆ ಒಪ್ಪಿಗೆ ಕೇಳತೊಡಗಿದವು. 2018ರ ಮೇ 25ರಿಂದ ಅಲ್ಲಿ ಹೊಸ ದತ್ತಾಂಶ ಸಂರಕ್ಷಣಾ ನಿಯಮ ಜಾರಿಗೆ ಬಂದ ಮೇಲೆ ಈ ಪಟ್ಟಿಗಳು ಜಗತ್ತಿನಾದ್ಯಂತ ಹೆಚ್ಚಿದವು. ಇದನ್ನು ಕೇಳುವುದು ಬ್ರೌಸರಲ್ಲ, ತಾಣವೇ. ಅವಶ್ಯವಾದವುಗಳಿಗೆ ಮಾತ್ರ ಒಪ್ಪಿಗೆಯಿತ್ತು ಉಳಿದವನ್ನು ನಿರಾಕರಿಸಬಹುದು. ಆದರೆ ನಾವಿತ್ತ ಉತ್ತರವನ್ನು ತಾಣವು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ಕೂಡ ಒಂದು ಕುಕಿಯಲ್ಲಿಯೇ! ಬ್ರೌಸರನ್ನು ಮುಚ್ಚಿದಾಗಲೆಲ್ಲ ಕುಕಿಗಳು ಅಳಿಯುವಂತೆ ಹೊಂದಿಸಿದ್ದರೆ, ಅಥವಾ 'ಇನ್‌ಕಾಗ್ನಿಟೋ' ಎಂಬ ಗುಪ್ತ ಕಿಟಕಿಯಲ್ಲಿ ನೋಡುತ್ತಿದ್ದರೆ ಪ್ರತಿ ಸಲವೂ ಅದೇ ಪ್ರಶ್ನೆ ಬರುತ್ತದೆ. ಕಾರಣ ತಿಳಿದಾಗ ಬೇಸರ ಅರ್ಧ ಕಳೆಯುತ್ತದೆ.

ಎಚ್ಚರಿಕೆಯ ಕಾರಣವನ್ನು ಹುಡುಕಿರಿ

ಎರಡನೆಯ ಬಗೆಯಲ್ಲಿ ಕೇಳುವವರು ಹೊರಗಿನವರಲ್ಲ; ನಮ್ಮ ಬ್ರೌಸರೇ ನಮ್ಮ ಕೈ ಹಿಡಿದು ನಿಲ್ಲಿಸುತ್ತದೆ. 'ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ' ಎಂಬ ಎಚ್ಚರಿಕೆಯನ್ನು ಅನೇಕರು ಕಂಡಿರಬಹುದು. ಸುರಕ್ಷಿತ ತಾಣವೊಂದು ತನ್ನ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸಬೇಕಾಗುತ್ತದೆ. ಆ ಪತ್ರದಲ್ಲಿರುವ ಹೆಸರು ತಾಣದ ಹೆಸರಿಗೆ ಹೊಂದುತ್ತದೆಯೇ, ಅದರ ಅವಧಿ ಮುಗಿದಿದೆಯೇ, ಅದನ್ನು ನೀಡಿದವರು ನಂಬಿಕೆಗೆ ಅರ್ಹರೇ ಎಂಬ ಮೂರು ಅಂಶಗಳನ್ನು ಬ್ರೌಸರು ಪರೀಕ್ಷಿಸುತ್ತದೆ. ಒಂದು ತಪ್ಪಿದರೂ ಎಚ್ಚರಿಸುತ್ತದೆ. ಇದನ್ನು ಕಾಟವೆಂದು ಬಗೆದು 'ಮುಂದುವರಿ' ಎಂದು ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಬ್ಯಾಂಕಿನ ತಾಣದಲ್ಲಿಯಂತೂ ಸರ್ವಥಾ ಕೂಡದು.

ಹಾಗಾದರೆ ಈ ಎಚ್ಚರಿಕೆ ಮರುಕಳಿಸುವುದನ್ನು ನಿಲ್ಲಿಸುವ ಬಗೆ ಯಾವುದು? ಒಂದೇ ತಾಣದಲ್ಲಿ ಬಂದರೆ ದೋಷ ಬಹುಶಃ ಆ ತಾಣದ್ದು. ಅಲ್ಲಿಂದ ಹಿಂದಿರುಗುವುದೇ ಲೇಸು. ಎಲ್ಲ ತಾಣಗಳಲ್ಲಿಯೂ ಬಂದರೆ ದೋಷ ನಮ್ಮ ಯಂತ್ರದಲ್ಲಿರುವುದೇ ಹೆಚ್ಚು. ಆಗ ಮೊದಲು ದಿನಾಂಕ ಮತ್ತು ಗಡಿಯಾರವನ್ನು ನೋಡಬೇಕು. ಹಳೆಯ ಕಂಪ್ಯೂಟರುಗಳ ಒಳಗೆ ನಾಣ್ಯದಾಕಾರದ ಒಂದು ಗುಂಡು ಬ್ಯಾಟರಿಯಿರುತ್ತದೆ. ವಿದ್ಯುತ್ ಇಲ್ಲದಿರುವಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಮುಗಿದರೆ ಪ್ರತಿ ಸಲ ಯಂತ್ರವನ್ನು ಹಚ್ಚಿದಾಗಲೂ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಬ್ರೌಸರಿನ ದೃಷ್ಟಿಯಲ್ಲಿ ಎಲ್ಲ ಪ್ರಮಾಣಪತ್ರಗಳೂ ಇನ್ನೂ ಆರಂಭವಾಗದವುಗಳೆಂದು ತೋರುತ್ತವೆ. ಅಗ್ಗದ ಆ ಬ್ಯಾಟರಿಯನ್ನು ಬದಲಿಸಿ, ದಿನಾಂಕವು ತಾನಾಗಿಯೇ ಸರಿಯಾಗುವಂತೆ ಹೊಂದಿಸಿದರೆ ಎಚ್ಚರಿಕೆಗಳು ಮಾಯವಾಗುತ್ತವೆ. ಸುರಕ್ಷೆಯ ಯಾವ ಕದವನ್ನೂ ತೆರೆಯಬೇಕಾಗುವುದಿಲ್ಲ.

ಮತ್ತೊಂದು ಕಾರಣ ಯಂತ್ರದ ಮುಪ್ಪು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು ಉಚಿತವಾಗಿ ಪ್ರಮಾಣಪತ್ರಗಳನ್ನು ನೀಡುತ್ತದೆ. ಕೋಟ್ಯಂತರ ತಾಣಗಳು ಅವನ್ನು ಬಳಸುತ್ತವೆ. ಅವುಗಳಿಗೆ ಆಧಾರವಾಗಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿಯಿತು. ಹೊಸ ಮೂಲಪತ್ರವನ್ನು ಅರಿಯದ ಹಳೆಯ ಸಾಧನಗಳಲ್ಲಿ ಅನೇಕವು ಅಂದಿನಿಂದ ಒಳ್ಳೆಯ ತಾಣಗಳನ್ನೂ ಅನುಮಾನದಿಂದ ನೋಡತೊಡಗಿದವು. ಇಂಥಲ್ಲಿ ಬ್ರೌಸರನ್ನೂ ಮೊಬೈಲನ್ನೂ ಹೊಸ ಆವೃತ್ತಿಗೆ ಏರಿಸುವುದೇ ಪರಿಹಾರ. ಮೂರನೆಯ ಕಾರಣ ರೈಲು ನಿಲ್ದಾಣ, ವಸತಿಗೃಹಗಳ ಸಾರ್ವಜನಿಕ ವೈಫೈ. ಅಲ್ಲಿ ಲಾಗಿನ್ ಆಗುವ ಮುನ್ನ ಇಂಥ ಎಚ್ಚರಿಕೆ ಬರುವುದುಂಟು. ಅಲ್ಲಿ ಹಣದ ವ್ಯವಹಾರ ಮಾಡದೆ ಮೊಬೈಲಿನ ಸ್ವಂತ ಡೇಟಾ ಬಳಸುವುದು ಕ್ಷೇಮ.

ಕ್ರೋಮ್ ಬ್ರೌಸರಿನ 'ಸೇಫ್ ಬ್ರೌಸಿಂಗ್' ಎಂಬಲ್ಲಿ ಹೆಚ್ಚಿನ ರಕ್ಷಣೆ, ಸಾಮಾನ್ಯ ರಕ್ಷಣೆ, ರಕ್ಷಣೆ ಇಲ್ಲ ಎಂಬ ಮೂರು ಆಯ್ಕೆಗಳಿವೆ. ಎಚ್ಚರಿಕೆಗಳ ಕಾಟ ತಪ್ಪಿಸಲು ಮೂರನೆಯದನ್ನು ಆರಿಸುವಂತೆ ಯಾರಾದರೂ ಸಲಹೆಯಿತ್ತರೆ ಆ ಸಲಹೆಯನ್ನೇ ನಿರಾಕರಿಸಬೇಕು.

ಮದುವೆಯ ಕರೆಯೋಲೆಯ ವೇಷದಲ್ಲಿ ವಂಚನೆ

ಕಡತವನ್ನು ಇಳಿಸಿಕೊಳ್ಳುವಾಗ ಬರುವ ಎಚ್ಚರಿಕೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ವಾಟ್ಸಾಪಿನ ಮೂಲಕ ಮದುವೆಯ ಆಮಂತ್ರಣ ಪತ್ರಿಕೆಯೆಂದು ತೋರುವ ಕಡತವನ್ನು ಕಳುಹಿಸಿ ಹಣ ದೋಚುವ ವಂಚನೆಯ ಬಗ್ಗೆ 2024ರಲ್ಲಿ ದೇಶದ ಕೆಲವೆಡೆ ಪೊಲೀಸರು ಜನರನ್ನು ಎಚ್ಚರಿಸಿದ್ದರು. ಬಂಧುಬಳಗ ವಿಶಾಲವಾಗಿರುವ ನಮ್ಮ ಕುಟುಂಬಗಳಲ್ಲಿ ಲಗ್ನಪತ್ರಿಕೆಯೆಂದರೆ ಯಾರು ತಾನೇ ತೆರೆಯದಿರುತ್ತಾರೆ? ಆದರೆ ಆ ಕಡತದ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪತ್ರಿಕೆಯಲ್ಲ, ಮೊಬೈಲಿನಲ್ಲಿ ನೆಲೆಯೂರಲು ಬಂದ ತಂತ್ರಾಂಶ. ನಿಜವಾದ ಪತ್ರಿಕೆ ಚಿತ್ರವಾಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಇಲ್ಲವೇ ವಿಡಿಯೋ ಆಗಿರುತ್ತದೆ.

ಅದನ್ನು ಒತ್ತಿದಾಗ ಆಂಡ್ರಾಯ್ಡ್ ಮೊಬೈಲು ಸುಮ್ಮನೆ ಒಳಬಿಡುವುದಿಲ್ಲ. 'ಈ ಮೂಲದಿಂದ ಅಪರಿಚಿತ ತಂತ್ರಾಂಶವನ್ನು ಸ್ಥಾಪಿಸಲು ಅನುಮತಿಯಿಲ್ಲ' ಎಂದು ತಡೆದು ಸೆಟ್ಟಿಂಗ್ಸ್‌ನ ದಾರಿ ತೋರಿಸುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈ ಅನುಮತಿಯನ್ನು ಪ್ರತಿಯೊಂದು ಮೂಲಕ್ಕೂ ಬೇರೆ ಬೇರೆಯಾಗಿ ಕೇಳಲಾಗುತ್ತಿದೆ. ಆ ತಡೆಯೇ ಮನೆಯ ಕೊನೆಯ ಬಾಗಿಲು. ಅನುಮತಿಯಿತ್ತರೆ ಆ ತಂತ್ರಾಂಶವು ಮುಂದೆ ಬೇರೆ ಬೇರೆ ನೆಪಗಳಲ್ಲಿ ಸಂದೇಶಗಳನ್ನು ಓದುವ ಅಧಿಕಾರ ಗಳಿಸಿ ಬ್ಯಾಂಕಿನ ಓಟಿಪಿಗಳನ್ನು ಕದಿಯಬಲ್ಲುದು. ಮೊಬೈಲಿನ ಸೆಟ್ಟಿಂಗ್ಸ್ ತೆರೆದು 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂದು ಹುಡುಕಿ, ಅಲ್ಲಿ ಕ್ರೋಮ್, ವಾಟ್ಸಾಪ್ ಮೊದಲಾದವುಗಳೆದುರು ಅನುಮತಿ ಇದ್ದರೆ ಇಂದೇ ತೆಗೆದುಹಾಕಿರಿ.

ಸೋಗಿಗೆ ಮೌನವೇ ಉತ್ತರ

ಮೂರನೆಯ ಬಗೆಯವರು ವೇಷಧಾರಿಗಳು. 'ನಿಮ್ಮ ಮೊಬೈಲಿಗೆ ಐದು ವೈರಸ್‌ಗಳು ತಗುಲಿವೆ, ಕೂಡಲೇ ಒತ್ತಿರಿ' ಎಂದು ಕೆಂಪಕ್ಷರದಲ್ಲಿ ಬೆದರಿಸುವ ಪುಟವು ಬ್ರೌಸರಿನ ಎಚ್ಚರಿಕೆಯಲ್ಲ. ಎಚ್ಚರಿಕೆಯ ವೇಷ ತೊಟ್ಟ ಜಾಹೀರಾತು. ಮೊಬೈಲಿನೊಳಗೆ ವೈರಸ್ ಇದೆಯೇ ಇಲ್ಲವೇ ಎಂದು ತಪಾಸಣೆ ಮಾಡುವ ಶಕ್ತಿ ಜಾಲತಾಣದ ಪುಟಕ್ಕೆ ಇಲ್ಲವೇ ಇಲ್ಲ. ಇನ್ನು ಕೆಲವು ಪುಟಗಳು 'ನೀವು ಯಂತ್ರವಲ್ಲ, ಮನುಷ್ಯರೆಂದು ತೋರಿಸಲು ಅನುಮತಿಸಿ ಎಂದು ಒತ್ತಿರಿ' ಎನ್ನುತ್ತವೆ. ಆ ಮಾತಿಗೂ ಮನುಷ್ಯತ್ವದ ಪರೀಕ್ಷೆಗೂ ಯಾವ ಸಂಬಂಧವೂ ಇಲ್ಲ. ಸೂಚನೆಗಳನ್ನು ಕಳುಹಿಸುವ ಅನುಮತಿಯನ್ನು ಕಸಿಯುವ ಉಪಾಯವದು. ಒತ್ತಿದ ಮೇಲೆ ಹಗಲಿರುಳೂ ಸುಳ್ಳು ಎಚ್ಚರಿಕೆಗಳು ಬರತೊಡಗುತ್ತವೆ. ಬಂದ ಸೂಚನೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಅದನ್ನು ಕಳುಹಿಸಿದ ತಾಣವನ್ನು ಗುರುತಿಸಿ ಅಲ್ಲಿಯೇ ನಿಲ್ಲಿಸಬಹುದು.

ಕಂಪ್ಯೂಟರಿನಲ್ಲಿ ಇತ್ತೀಚೆಗೆ ಮತ್ತೊಂದು ಕುತಂತ್ರ ಹಬ್ಬಿದೆ. ಮನುಷ್ಯರೆಂದು ಸಾಬೀತುಪಡಿಸಲು ವಿಂಡೋಸ್ ಕೀಲಿಯನ್ನೂ 'ಆರ್' ಅಕ್ಷರವನ್ನೂ ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ ಏನನ್ನೋ ಅಂಟಿಸುವಂತೆ ಪುಟವು ಹೇಳುತ್ತದೆ. ಹಾಗೆ ಮಾಡಿದರೆ ನಮ್ಮ ಕೈಯಿಂದಲೇ ದುಷ್ಟ ಆಜ್ಞೆಯೊಂದು ನಡೆದುಹೋಗುತ್ತದೆ. ಯಾವ ಪ್ರಾಮಾಣಿಕ ತಾಣವೂ ಹೀಗೆ ಕೇಳುವುದಿಲ್ಲ. ಪರದೆಯನ್ನೆಲ್ಲ ಆವರಿಸಿ ದೂರವಾಣಿ ಸಂಖ್ಯೆಯೊಂದಕ್ಕೆ ಕರೆಮಾಡಲು ಒತ್ತಾಯಿಸುವ ಪುಟ ಬಂದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಹೊರಬಂದು ಬ್ರೌಸರನ್ನು ಮುಚ್ಚಿಬಿಡಿ. ಆ ಸಂಖ್ಯೆಗೆ ಕರೆ ಮಾಡಲೇಬಾರದು.

ಹಿರಿಯರ ಸಂಕೋಚ, ಕಿರಿಯರ ಹೊಣೆ

ಇಷ್ಟೆಲ್ಲ ಎಚ್ಚರವಹಿಸಿದರೂ ಒಂದು ದುರ್ಬಲ ಗಳಿಗೆಯಲ್ಲಿ ತಪ್ಪು ಗುಂಡಿಯನ್ನು ಒತ್ತುವುದು ಯಾರಿಗಾದರೂ ಸಂಭವಿಸಬಹುದು. ಅದಕ್ಕಿಂತ ದೊಡ್ಡ ಅನಾಹುತವೆಂದರೆ ಒತ್ತಿದವರು ಅದನ್ನು ಮನೆಯಲ್ಲಿ ಮುಚ್ಚಿಡುವುದು. ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡಿರುವ ಹಿರಿಯರು ಮಗನೋ ಸೊಸೆಯೋ ಏನೆಂದುಕೊಂಡಾರೆಂಬ ನಾಚಿಕೆಯಿಂದ ಎರಡು ಮೂರು ದಿನ ಸುಮ್ಮನಿದ್ದುಬಿಡುವುದುಂಟು. ವಂಚಕನಿಗೆ ಬೇಕಾದುದು ಆ ಮೌನವೇ. ಹಣ ಕಡಿತವಾದುದು ತಿಳಿದೊಡನೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು, ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿದುಹೋಗುವ ಮುನ್ನವೇ ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲಿ ಹೆಚ್ಚು.

ಆದ್ದರಿಂದ ಮನೆಯ ಕಿರಿಯರಲ್ಲಿ ಒಂದು ವಿನಂತಿ. ಅಜ್ಜನ ಮೊಬೈಲನ್ನು ಕಸಿದುಕೊಂಡು ಎರಡೇ ನಿಮಿಷದಲ್ಲಿ ಸರಿಪಡಿಸಿ ಹಿಂದಿರುಗಿಸಿದರೆ ಅಜ್ಜನಿಗೆ ಏನೂ ತಿಳಿಯುವುದಿಲ್ಲ. ಮತ್ತೊಮ್ಮೆ ಪೆಟ್ಟಿಗೆ ಬಂದಾಗ ಮತ್ತದೇ ಭಯ. ಪಕ್ಕದಲ್ಲಿ ಕುಳಿತು, ಅವರ ಬೆರಳಿನಿಂದಲೇ ಒತ್ತಿಸಿ, 'ಇದು ಕೋರಿಕೆ, ಇದು ಎಚ್ಚರಿಕೆ, ಇದು ಸೋಗು' ಎಂದು ಒಂದೊಂದಾಗಿ ತೋರಿಸಿರಿ. ಗದರಬೇಡಿರಿ. ಹಿರಿಯರೂ ಅಷ್ಟೇ, ಮೊಮ್ಮಕ್ಕಳಿಂದ ಕಲಿಯುವುದರಲ್ಲಿ ಕೀಳರಿಮೆ ಬೇಡ. ಅರಿವು ವಯಸ್ಸನ್ನಾಗಲಿ ಸ್ಥಾನವನ್ನಾಗಲಿ ನೋಡಿ ಬರುವುದಿಲ್ಲವೆಂಬುದನ್ನು ಅನುಭವ ಮಂಟಪದ ಪರಂಪರೆಗೆ ಸೇರಿದ ನಮಗೆ ಹೊಸದಾಗಿ ಹೇಳಬೇಕಾಗಿಲ್ಲ.

'ಅನುಮತಿ' ಎಂಬ ಶಬ್ದವನ್ನೇ ವಿಚಾರಿಸಿದರೆ ಅದರೊಳಗೆ 'ಮತಿ' ಇದೆ. ಬುದ್ಧಿ ಕೂಡಿಕೊಂಡಾಗಲೇ ಅದು ಅನುಮತಿ. ಬೇಸರದಿಂದ ಒತ್ತಿದ್ದು ಬರಿಯ ಬೆರಳಿನ ಚಲನೆ. ಇನ್ನು 'ಇಲ್ಲ' ಎನ್ನುವುದು ದಾಸೋಹ ಧರ್ಮಕ್ಕೆ ವಿರುದ್ಧವೇ ಎಂಬ ಶಂಕೆ ಯಾರಲ್ಲಾದರೂ ಉಳಿದಿದ್ದರೆ ಮಠದ ದಾಸೋಹ ಶಾಲೆಯನ್ನು ನೆನೆಯಿರಿ. ಅಲ್ಲಿ ಹಸಿದು ಬಂದ ಯಾರಿಗೂ ಕುಲಗೋತ್ರ ಕೇಳದೆ ಎಡೆ ಹಾಕುತ್ತಾರೆ. ಆದರೆ ಉಗ್ರಾಣದ ಕೀಲಿಕೈಯನ್ನು ಬಂದವರ ಕೈಗೆಲ್ಲ ಕೊಡುವುದಿಲ್ಲ. ಕೊಟ್ಟರೆ ನಾಳಿನ ದಾಸೋಹವೇ ನಿಂತುಹೋದೀತು. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ದಾಸೋಹಕ್ಕೆ ಎಷ್ಟು ಉದಾರಿಗಳೋ ಭಂಡಾರದ ಲೆಕ್ಕದಲ್ಲಿ ಅಷ್ಟೇ ನಿಷ್ಠುರರಾಗಿದ್ದರೆಂದು ನಮ್ಮ ಪರಂಪರೆ ನಂಬಿದೆ.

ಬರುವ ಭಾನುವಾರ ಸಂಜೆ ಪೂಜೆ ಪ್ರಸಾದಗಳಾದ ಮೇಲೆ ಮನೆಮಂದಿಯೆಲ್ಲ ಅರ್ಧ ಗಂಟೆ ಒಟ್ಟಿಗೆ ಕುಳಿತುಕೊಳ್ಳಿರಿ. ಮನೆಯಲ್ಲಿರುವ ಪ್ರತಿಯೊಂದು ಮೊಬೈಲಿನಲ್ಲಿಯೂ ಸೂಚನೆಗಳ ಪಟ್ಟಿ, ಅಪರಿಚಿತ ತಂತ್ರಾಂಶಗಳ ಅನುಮತಿ, ದಿನಾಂಕ ಮತ್ತು ಆವೃತ್ತಿ, ಇವಿಷ್ಟನ್ನು ನೋಡಿಕೊಳ್ಳಿರಿ. 1930 ಎಂಬ ಸಂಖ್ಯೆಯನ್ನು ದೊಡ್ಡ ಅಂಕಿಗಳಲ್ಲಿ ಬರೆದು ಹಿರಿಯರಿಗೆ ಕಾಣುವಂತೆ ಗೋಡೆಯ ಮೇಲಿನ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರಿ.